ಪುಡಿಯಾದ ಮೂರು ಟೇಪುಗಳು

ದೆಹಲಿಯಲ್ಲಿ ಮಂಜು ಕವಿದಿದ್ದರಿಂದ ಬೆಂಗಳೂರಿನಿಂದ ಆರೂವರೆಗೆ ಹೊರಡಬೇಕಿದ್ದ ವಿಮಾನ ಒಂಬತ್ತೂಕಾಲಿಗೆ ಹೊರಟಿತು. ಜನವರಿಯ ಮೊದಲ ವಾರ. ಇಳಿದಾಗ ಹನ್ನೆರಡು ದಾಟಿದ್ದರೂ ಬಿಸಿಲಿನ ಸುಳಿವಿರಲಿಲ್ಲ. ಒಂದನೇ ಟರ್ಮಿನಲ್‌ನಿಂದ ಹೌಜ್ ಖಾಸ್‌ಗೆ ನೇರ ಮೆಟ್ರೊ ಇದೆ. ಮೂವತ್ತೆರಡು ರೂಪಾಯಿ ಕೊಟ್ಟು ಹತ್ತಿದೆ. ಸ್ಟೇಷನ್ನಿನ ಹೊರಗೆ ಗೆಣಸು ಸುಡುತ್ತಿದ್ದ ಭಯ್ಯಾನ ಒಲೆಗೆ ಎರಡು ನಿಮಿಷ ಕೈ ಕಾಯಿಸಿಕೊಂಡು ಮುಂದೆ ನಡೆದೆ.

ಡೇಟಾ ಸಂಗ್ರಹಿಸುವ ಯಂತ್ರಗಳ ರಿಪೇರಿ ನನ್ನ ಕೆಲಸ. ನಾನು ಹೊರಟಿದ್ದು ನಿವೃತ್ತ ಸೈನಿಕರ ನೆನಪುಗಳನ್ನು ವಿಡಿಯೊ ಮಾಡಿ ಕಾಪಾಡುವ ಒಂದು ಸಣ್ಣ ಸಂಸ್ಥೆಗೆ. ಅಲ್ಲಿ ಆ ವಿಡಿಯೊಗಳು ಅಂಗೈಯಗಲದ ಟೇಪುಗಳಲ್ಲಿರುತ್ತವೆ. ಸಂಗ್ರಹ ನೋಡಿಕೊಳ್ಳುವ ವತ್ಸಲಾ ಹಾಸನದವರು. ಗಂಡನಿಗೆ ಕೇಂದ್ರ ಸರ್ಕಾರದ ನೌಕರಿ, ಮನೆ ಕಿದ್ವಾಯಿ ನಗರದಲ್ಲಿ. ಎರಡು ವರ್ಷದಿಂದ ಫೋನಿನಲ್ಲಿ ಮಾತಾಡುತ್ತಿದ್ದೆವು, ಮುಖ ನೋಡಿದ್ದು ಅಂದೇ.

"ಊಟ ಮಾಡಿ ಮೊದಲು," ಎಂದು ಚಪಾತಿ, ಮೆಂತ್ಯಸೊಪ್ಪಿನ ಪಲ್ಯದ ಡಬ್ಬಿ ಮುಂದಿಟ್ಟರು. ನನಗೆ ಊಟ ಸೇರಲಿಲ್ಲ.

ಕಾರಣವಿತ್ತು. ಕಳೆದ ಆಗಸ್ಟಿನಲ್ಲಿ ಟೇಪು ಓದುವ ಅವರ ಡ್ರೈವ್ ಯಂತ್ರ ಮೂರು ಟೇಪುಗಳನ್ನು ಓದಲಾಗದೆ ಹೊರಗೆ ತಳ್ಳಿತ್ತು. ಅವರು ಕಳಿಸಿದ ಎರರ್ ಪಟ್ಟಿ ನೋಡಿ ಫೋನಿನಲ್ಲೇ ಹೇಳಿದ್ದೆ: "ಟೇಪೇ ಹೋಗಿದೆ ಮೇಡಂ, ಸಂಗ್ರಹದ ಪಟ್ಟಿಯಿಂದ ತೆಗೆದುಬಿಡಿ." ಕೆಟ್ಟ ಟೇಪನ್ನು ಇಟ್ಟುಕೊಳ್ಳದೆ ಪುಡಿ ಮಾಡಿಸಬೇಕೆಂಬುದು ಅಲ್ಲಿನ ನಿಯಮ. ಮಾಡಿಸಿದರು. ಡಿಸೆಂಬರಿನಲ್ಲಿ ಇನ್ನೂ ಒಂಬತ್ತು ಟೇಪುಗಳನ್ನು ಡ್ರೈವ್ ಹಾಗೆಯೇ ಹೊರಗೆ ತಳ್ಳಿತು. ಆಗ ನನಗೆ ಅನುಮಾನ ಬಂದು, ಅವನ್ನು ಪುಡಿ ಮಾಡಿಸಬೇಡಿ ಎಂದು ಹೇಳಿ ತಯಾರಕರಿಗೆ ಬರೆದೆ. ಡ್ರೈವನ್ನು ಒಳಗಿನಿಂದ ನಡೆಸುವ ಫರ್ಮ್‌ವೇರ್‌ನಲ್ಲೇ ದೋಷವಿದೆ ಎಂಬ ಉತ್ತರ ಬಂತು. ಹಳೆಯ ತಲೆಮಾರಿನ ಟೇಪು ಹಾಕಿದರೆ ಡ್ರೈವ್ ಡೇಟಾ ಬರೆದಿರುವ ಗೆರೆ ತಪ್ಪಿ ಓದುತ್ತಿತ್ತು, ತಪ್ಪನ್ನು ಮಾತ್ರ ಟೇಪಿನ ಮೇಲೆ ಹಾಕುತ್ತಿತ್ತು.

ಹೊಸ ಫರ್ಮ್‌ವೇರ್ ಹಾಕಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಮೊದಲ ಟೇಪನ್ನು ತೂರಿಸಿದೆ. ಒಂದೂ ಎರರ್ ಇಲ್ಲದೆ ಓದಿತು. ಮರುದಿನ ಹನ್ನೊಂದರ ಹೊತ್ತಿಗೆ ಒಂಬತ್ತೂ ಮುಗಿದಿದ್ದವು, ಒಂಬತ್ತೂ ಸರಿಯಿದ್ದವು.

ವತ್ಸಲಾ ಪರದೆಯನ್ನೇ ನೋಡುತ್ತಾ ಕೇಳಿದರು. "ಹಾಗಾದ್ರೆ ಆ ಮೂರೂ...?"

"ಬಹುಶಃ ಸರಿಯಾಗೇ ಇದ್ದವು."

ಅವಕ್ಕೆ ಎರಡನೇ ಪ್ರತಿ ಇರಲಿಲ್ಲ. ಮೂರರಲ್ಲೊಂದು ಕೊಡಗಿನ ಸುಬೇದಾರ್ ಸುಬ್ಬಯ್ಯ ಅವರದು. ದೀಪಾವಳಿಯ ಹೊತ್ತಿಗೆ ಅವರು ತೀರಿಕೊಂಡಿದ್ದರು. ನೋಯ್ಡಾದಲ್ಲಿ ಮಗಳ ಮನೆಯಲ್ಲಿರುವ ಅವರ ಹೆಂಡತಿ ಪೊನ್ನಮ್ಮ ವಿಡಿಯೊದ ಪ್ರತಿ ಕೇಳಿ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಪ್ರತಿ ಸಲವೂ ವತ್ಸಲಾ "ಹುಡುಕ್ತಾ ಇದ್ದೀವಿ" ಎನ್ನುತ್ತಿದ್ದರು.

"ಇವತ್ತೇ ಹೋಗಿ ಹೇಳಿಬಿಡ್ತೀನಿ," ಎಂದರು. ನಾನೂ ಬರುತ್ತೇನೆಂದೆ.

ಹೌಜ್ ಖಾಸ್‌ನಿಂದ ಬೊಟಾನಿಕಲ್ ಗಾರ್ಡನ್‌ವರೆಗೆ ಮೆಟ್ರೊದಲ್ಲಿ ಮುಕ್ಕಾಲು ಗಂಟೆ ದಾರಿ. ಯಮುನೆಯ ಮೇಲೆ ಹಾದಾಗ ಕೆಳಗೆ ನೀರಿನ ತುಂಬ ಬಿಳಿ ನೊರೆ. ಇಳಿದು ಆಟೊ ಹಿಡಿದೆವು.

ಪೊನ್ನಮ್ಮನವರಿಗೆ ಎಪ್ಪತ್ತೈದು ದಾಟಿರಬೇಕು. ಬಾಗಿಲು ತೆಗೆದವರೇ ವತ್ಸಲಾ ಅವರ ಕೈಚೀಲದ ಕಡೆ ನೋಡಿದರು. "ತಂದ್ಯಾ ಮಗಳೇ?"

ವತ್ಸಲಾ ನಿಂತಲ್ಲೇ ಎಲ್ಲವನ್ನೂ ಹೇಳಿದರು. ಟೇಪು ಕೆಟ್ಟಿದೆ ಎಂದವನು ನಾನೇ ಎಂದು ನಾನು ಹೇಳಿದೆ. ಪೊನ್ನಮ್ಮ ಬೈಯಲಿಲ್ಲ. "ಕಾಫಿಗೆ ಸಕ್ಕರೆ ಹಾಕ್ತೀರಾ?" ಎಂದು ಕೇಳಿ ಅಡುಗೆಮನೆಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಕಾಫಿ ಕೊಟ್ಟ ಮೇಲೆ ಪೊನ್ನಮ್ಮ ವತ್ಸಲಾ ಅವರನ್ನು ಕೇಳಿದರು. "ಶೂಟಿಂಗ್ ಮಾಡುವಾಗ ನೀನು ಅಲ್ಲೇ ಇದ್ದೆಯಲ್ಲ. ಏನೇನು ಹೇಳಿದ್ರು?"

ವತ್ಸಲಾ ನೆನಪಿದ್ದಷ್ಟು ಹೇಳಿದರು. ಹಿಮದಲ್ಲಿ ಕಾಲ್ಬೆರಳು ಸೆಟೆದ ಕಥೆ. ರೇಷನ್ ಹೊರುತ್ತಿದ್ದ ಹೇಸರಗತ್ತೆಗೆ ತಮ್ಮ ಬೆಲ್ಲ ತಿನ್ನಿಸಿ ಮೇಲಧಿಕಾರಿಯಿಂದ ಬೈಸಿಕೊಂಡದ್ದು. ಪೊನ್ನಮ್ಮ ಒಂದೆರಡು ಕಡೆ ನಕ್ಕರು.

"ಕೊನೆಗೆ ಕ್ಯಾಮೆರಾ ನೋಡ್ಕೊಂಡು ಐದಾರು ನಿಮಿಷ ಕೊಡವ ಭಾಷೆಯಲ್ಲಿ ಮಾತಾಡಿದ್ರು."

ಪೊನ್ನಮ್ಮ ಲೋಟ ಕೆಳಗಿಟ್ಟರು. "ಏನಂದ್ರು?"

"ನನಗೆ ಆ ಭಾಷೆ ಬರಲ್ಲ ಅಮ್ಮ. ಅಲ್ಲಿದ್ದ ಯಾರಿಗೂ ಬರ್ತಿರಲಿಲ್ಲ. ಆಮೇಲೆ ಯಾರಿಂದಾದ್ರೂ ಕೇಳಿಸಿ ಬರೆಸೋಣ ಅಂತ ಇದ್ವಿ."

"ಒಂದು ಮಾತಾದ್ರೂ ನೆನಪಿದೆಯಾ?"

ವತ್ಸಲಾ ಕಣ್ಣು ಮುಚ್ಚಿ ಯೋಚಿಸಿದರು. ಒಂದು ಮಾತೂ ನೆನಪಿನಲ್ಲಿ ಇರಲಿಲ್ಲ.

"ಅವತ್ತು ನನ್ನನ್ನೂ ಕರೆದಿದ್ರು," ಎಂದರು ಪೊನ್ನಮ್ಮ. "ಮಂಡಿನೋವು, ನೀವೇ ಹೋಗಿ ಬನ್ನಿ ಅಂದೆ."

ಹೊರಡುವಾಗ ಲಿಫ್ಟಿನವರೆಗೆ ಬಂದರು. ಕೆಳಗಿಳಿದು ಗೇಟಿನಿಂದ ತಿರುಗಿ ನೋಡಿದೆ. ಅವರು ಮೂರನೇ ಮಹಡಿಯ ಬಾಲ್ಕನಿಗೆ ಬಂದು ನಿಂತಿದ್ದರು. ಕೈ ಬೀಸಲೋ ಬೇಡವೋ ತಿಳಿಯದೆ ಆಟೊ ಹತ್ತಿದೆ.

ಮಾರನೆಯ ದಿನ ಮಧ್ಯಾಹ್ನದ ವಿಮಾನ. ನಿಲ್ದಾಣದಲ್ಲಿ ಕೂತಿದ್ದಾಗ ವತ್ಸಲಾ ಅವರ ಫೋನ್ ಬಂತು.

"ಬೆಳಿಗ್ಗೆ ಪೊನ್ನಮ್ಮ ಫೋನ್ ಮಾಡಿದ್ರು. ಶೂಟಿಂಗ್ ದಿನ ಯಜಮಾನರು ಯಾವ ಸ್ವೆಟರ್ ಹಾಕಿದ್ರು ಅಂತ ಕೇಳಿದ್ರು. ನೀಲಿದಾ, ತಾವು ಹೆಣೆದ ಕಂದು ಬಣ್ಣದ್ದಾ ಅಂತ."

"ಏನು ಹೇಳಿದ್ರಿ?"

"ಕಂದು ಬಣ್ಣದ್ದು ಅಂದೆ." ಅವರು ದನಿ ತಗ್ಗಿಸಿದರು. "ನನಗೆ ನಿಜವಾಗ್ಲೂ ನೆನಪಿಲ್ಲ."

ಬೆಂಗಳೂರಿಗೆ ಹೋಗುವವರು ಸಾಲಾಗಿ ಬನ್ನಿ ಎಂದು ಮೈಕಿನಲ್ಲಿ ಕೂಗಿದರು. ಫೋನ್ ಕಿವಿಯಲ್ಲೇ ಇಟ್ಟುಕೊಂಡು ಎದ್ದು ನಿಂತೆ.