ಒಲೆಯ ಮುಂದೆ ಶೂ

ಒಳಗೆ ಯಾರೂ ಶೂ ಬಿಚ್ಚಬಾರದು, ಹಳೇ ಹಲಗೆಯ ಸಿಬಿರು ಚುಚ್ಚುತ್ತದೆ: ಬ್ರಿಟಿಷರ ಕಾಲದಲ್ಲಿ ಜರ್ಮನ್ ವಲಸಿಗನೊಬ್ಬ ನಾರ್ತ್ ಕ್ಯಾರೊಲಿನಾದಲ್ಲಿ ಕಟ್ಟಿದ, ಈಗ ಮ್ಯೂಸಿಯಂ ಆಗಿರುವ ಕಲ್ಲಿನ ಮನೆಯ ನಿಯಮ ಇದು. ಫೋರ್ಟ್ ಮಿಲ್ ಎಂಬ ನಮ್ಮೂರಿನಿಂದ ನೋಡಲು ಹೋಗಿದ್ದ ನಾವೆಲ್ಲರೂ ಅದನ್ನು ಅಡುಗೆಮನೆಯ ಬಾಗಿಲಲ್ಲೇ ಮುರಿದೆವು. ಒಳಗೆ ಆಳೆತ್ತರದ ಒಲೆ ಕಂಡಿತು, ಕೈ ತಾನಾಗಿ ಲೇಸಿಗೆ ಹೋಯಿತು.

ಮನೆ ತೋರಿಸುತ್ತಿದ್ದ ಅಜ್ಜಿ ನಗುತ್ತಲೇ, "ಶೂ ಇಲ್ಲದವರು ಹೊರಗೆ ನಿಲ್ಲಬೇಕಾಗುತ್ತೆ," ಎಂದರು. ಎಲ್ಲರೂ ಮತ್ತೆ ಹಾಕಿಕೊಂಡೆವು, ನಮ್ಮತ್ತೆಯೊಬ್ಬರನ್ನು ಬಿಟ್ಟು. ಅವರು ಬಂದಿದ್ದೇ ಆ ಒಲೆ ನೋಡಲು.

"ಅತ್ತೆ, ರೂಲ್ ಅಂದ್ರೆ ರೂಲ್," ಎಂದೆ.

"ಒಲೆ ಹತ್ರ ಮೆಟ್ಕೊಂಡು ಹೋಗೋದಾ? ನಿಮ್ಮ ರೂಲ್ ನೀವೇ ಹಾಕ್ಕೊಳ್ಳಿ."

ನಾವು ಶೂ ಸಮೇತ ಒಲೆಯ ಮುಂದೆ ಫೋಟೊ ತೆಗೆಸಿಕೊಂಡೆವು. ಅತ್ತೆ ಬರಿಗಾಲಲ್ಲಿ ಹೊರಗಿನಿಂದಲೇ ಮನೆಯನ್ನು ಸುತ್ತಿ ಹೋಗಿ, ಹಿಂದಿನ ಕಿಟಕಿಯ ಗಾಜಿನಾಚೆಯಿಂದ ಒಲೆಯನ್ನು ಕಣ್ತುಂಬ ನೋಡಿ, ಕೈಮುಗಿದರು.