ಚೌಕದ ಆಟದೊಳಗೊಂದು ದುಂಡು ತೂತು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಎದ್ದು ಹೋಗುತ್ತಿದ್ದವರಲ್ಲಿ ನಾನೇ ಮೊದಲಿಗ. ಹುಣಸೆಮರದ ದೆವ್ವವನ್ನಾಗಲಿ, ಕನಸಿನಲ್ಲಿ ಬಂದು ಎಚ್ಚರಿಸಿ ಹೋದ ಅಜ್ಜನನ್ನಾಗಲಿ ನಾನು ನಂಬಿದವನಲ್ಲ. ಕುಂದಗೋಳದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಅಲ್ಲಿಗೆ ಬಂದವರು "ಇದಕ್ಕೇನೋ ಗಾಳಿ ಬಡದೈತ್ರಿ, ತನ್ನಷ್ಟಕ್ಕ ತಾನ ಚಾಲೂ ಆಗತೈತಿ" ಎಂದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. "ಕಂಪ್ಯೂಟರಿಗೆ ನಾವು ಹೇಳಿಕೊಟ್ಟಷ್ಟ ಗೊತ್ತಿರ್ತದ್ರಿ, ಅದರಾಚಿಗೆ ಒಂದಕ್ಷರಾನೂ ಗೊತ್ತಿರಂಗಿಲ್ಲ" ಎಂದು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದೆ. ಕೆಲವು ವರ್ಷಗಳಿಂದ ಆ ಮಾತು ಹೇಳುವುದನ್ನು ಬಿಟ್ಟಿದ್ದೇನೆ. ಯಾಕೆಂದು ಇಲ್ಲಿ ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಗುಡಗೇರಿಯ ದಸ್ತಗೀರ್ ಕಾಕಾ ನನಗೆ ಹಳೆಯ ಪರಿಚಯ. ಶೇಂಗಾ, ಮೆಣಸಿನಕಾಯಿ ಕೊಂಡು ಮಾರುವ ವ್ಯಾಪಾರ ಅವರದು. ಮಗಳು ರುಬೀನಾ ಅದೇ ಊರಿನ ಶಾಲೆಯೊಂದರಲ್ಲಿ ಟೀಚರ್. ಬೇಸಿಗೆಯ ಒಂದು ಬೆಳಿಗ್ಗೆ ಆಕೆ ತಮ್ಮ ಕಂಪ್ಯೂಟರನ್ನು ಹಳೆಯ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ನನ್ನ ಅಂಗಡಿಗೆ ತಂದಳು.

"ಆಟ ಆಡೂ ಮುಂದ ಕರೆಂಟ್ ಹೋಗಿ ಬಂತ್ರಿ ಅಣ್ಣಾ. ಫಟ್ ಅಂತ ಬಂದ್ ಆತು. ಈಗ ಚಾಲೂ ಏನೋ ಆಗತೈತಿ, ಆದ್ರ ಆಟದಾಗ ಗ್ವಾಡಿ ಕಾಣವಲ್ಲವು, ಬರೇ ಪಟ್ಟಿ ಪಟ್ಟಿ ಬರಾಕತ್ತಾವು" ಎಂದಳು.

ಟೀಚರಮ್ಮ ಆಟ ಆಡುತ್ತಾಳಲ್ಲ ಎಂದು ನನ್ನ ಮುಖದ ಮೇಲೆ ನಗು ಬಂದಿರಬೇಕು. ಆಕೆ ಅದನ್ನು ನೋಡಿಬಿಟ್ಟಳು. "ನಗಬ್ಯಾಡ್ರಿ. ಅದರಾಗ ನಮ್ಮ ಮನಿ ಐತಿ" ಎಂದಳು.

ಅದು ಚೌಕದ ಇಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು ಬೇಕಾದ್ದನ್ನು ಕಟ್ಟಿಕೊಳ್ಳುವ ಆಟ. ಅದರಲ್ಲಿ ಮಣ್ಣು ಚೌಕ, ನೀರು ಚೌಕ, ಆಡಿನ ಮುಖವೂ ಚೌಕ, ಕಡೆಗೆ ಸೂರ್ಯ ಕೂಡ ಚೌಕವೇ. ರುಬೀನಾ ಅದರಲ್ಲಿ ತಮ್ಮ ಮನೆಯನ್ನು ಕಟ್ಟಿದ್ದಳು. ಪಡಸಾಲೆ, ಅಂಗಳ, ಬೇವಿನ ಮರ, ಆಡಿನ ಕೊಟ್ಟಿಗೆ, ಮರದ ಕೆಳಗೆ ಅವಳ ತಾಯಿ ಕೂಡುವ ಹಗ್ಗದ ಮಂಚ, ಅಂದರೆ ಹೊರಸು, ಎಲ್ಲವೂ ಇದ್ದವು. ಅವಳಿಗೆ ಅಳ್ನಾವರದ ಕಡೆ ಮದುವೆ ಗೊತ್ತಾಗಿತ್ತು. ಸಂಜೆ ಹೊತ್ತು ಅವಳ ತಾಯಿ ಮೆಹಬೂಬ್‌ಬಿ ಚಾಚಿ ಹಿಂದೆ ಕೂತು, ಆ ಕಿಡಕಿ ಅಷ್ಟು ದೊಡ್ಡದಿಲ್ಲ, ಈ ಕಟ್ಟೆ ಇನ್ನೂ ಉದ್ದ ಎಂದು ತಿದ್ದಿಸುತ್ತಿದ್ದರಂತೆ. ಹಾಗೆ ತಾಯಿ ಮಗಳು ಸೇರಿ ವರ್ಷವಿಡೀ ಕಟ್ಟಿದ ಮನೆ ಅದು.

"ಮದಿವ್ಯಾದ ಮ್ಯಾಲ ಇದನ್ನ ಸಂಗಾಟ ಒಯ್ತೀನ್ರಿ. ಏನರೆ ಮಾಡಿ ಉಳಿಸಿಕೊಡ್ರಿ. ಮತ್ತೊಮ್ಮೆ ಕಟ್ಟಾಕ ನನ್ನ ಕೈಲೆ ಆಗಂಗಿಲ್ಲ" ಎಂದಳು. ನನಗೆ ನಕ್ಕದ್ದಕ್ಕೆ ನಾಚಿಕೆಯಾಯಿತು.

ಅವಳು ಹೋದ ಮೇಲೆ ಕೆಲಸಕ್ಕೆ ಕೂತೆ. ಡಬ್ಬಿ ಬಿಚ್ಚಿದರೆ ಒಳಗೆ ಮೆಣಸಿನಕಾಯಿಯ ಘಾಟು, ಸೀನಿ ಸೀನಿ ಸಾಕಾಯಿತು. ಫ್ಯಾನಿನ ಧೂಳು ತೆಗೆದು, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಕಿತ್ತು, ಅದರ ಹಳದಿ ಹಲ್ಲುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂಡಿಸಿದೆ. ಆ ಕಾರ್ಡನ್ನು ನಡೆಸುವ ಡ್ರೈವರನ್ನು ಅಳಿಸಿ ಹೊಸದಾಗಿ ಹಾಕಿದೆ. ಪಟ್ಟಿಗಳು ಹೋದವು, ಗೋಡೆಗಳು ಬಂದವು, ಬೇವಿನ ಮರ ಹಸಿರಾಯಿತು. ನಾನು ಭೇಷ್ ಎಂದುಕೊಂಡು ಚಹಾ ಹೇಳಿದೆ. ಆಮೇಲೆ ಆಟದ ಅಂಗಳದ ಕಡೆ ತಿರುಗಿ ನೋಡಿದೆ.

ಬೇವಿನ ಮರದ ಕೆಳಗೆ ನೆಲದಲ್ಲಿ ಒಂದು ತೂತು ಇತ್ತು. ಹೊರಸು ಇರಲಿಲ್ಲ. ಇಂಥ ಆಟಗಳಲ್ಲಿ ಚಿತ್ರ ಕೆಟ್ಟಾಗ ನೆಲದ ಒಂದು ತುಂಡು ಕಾಣದೆ ಹೋಗುವುದು ಹೊಸದೇನಲ್ಲ. ಆದರೆ ಆ ತುಂಡೂ ಚೌಕವಾಗಿಯೇ ಹೋಗುತ್ತದೆ. ಇದು ದುಂಡಗಿತ್ತು. ಬಾವಿಯ ಬಾಯಿಯ ಹಾಗೆ ಪೂರಾ ದುಂಡು. ಆ ಆಟದಲ್ಲಿ ದುಂಡಗಿನ ವಸ್ತುವೇ ಇಲ್ಲ, ಮಾಡುತ್ತೇನೆಂದರೂ ಬರುವುದಿಲ್ಲ. ಹತ್ತಿರ ಹೋಗಿ ಒಳಗೆ ಇಣುಕಿದೆ. ಬಾಯಿ ಸಣ್ಣದು, ಕೆಳಗೆ ಹೋದಂತೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ಆಟದ ಆಡುಗಳು ಮೊದಲೇ ಪೆದ್ದು, ಎಲ್ಲಿ ತಗ್ಗು ಕಂಡರೂ ಬೀಳುತ್ತವೆ. ಅವು ಮಾತ್ರ ಈ ತೂತಿನ ಸಮೀಪ ಬಂದು ಸುತ್ತು ಹಾಕಿ ಹೋಗುತ್ತಿದ್ದವು.

ಇಷ್ಟಾದರೂ ನನಗೆ ಭಯವಾಗಲಿಲ್ಲ, ಸಿಟ್ಟು ಬಂತು. ಬೇರೆ ಕಾರ್ಡ್ ಹಾಕಿ ನೋಡಿದೆ, ತೂತು ಇದ್ದಲ್ಲೇ ಇತ್ತು. ಅವಳ ಮನೆಯ ಫೈಲನ್ನು ಕಾಪಿ ಮಾಡಿ ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದೆ, ಅಲ್ಲಿಯೂ ಅದೇ. ಹಾಗಿದ್ದರೆ ತಪ್ಪು ಕಾರ್ಡಿನದಲ್ಲ, ಕರೆಂಟ್ ಹೋದಾಗ ಫೈಲೇ ಕೆಟ್ಟಿದೆ ಎಂದು ತೀರ್ಮಾನಿಸಿದೆ. ಉಳಿದದ್ದು ಒಂದೇ ಉಪಾಯ. ಅಂಗಳದ ಆ ಭಾಗವನ್ನು ಫೈಲಿನಿಂದ ಅಳಿಸಿದರೆ ಆಟ ಅಲ್ಲಿ ತಾನಾಗಿಯೇ ಹೊಸ ನೆಲ ಮೂಡಿಸುತ್ತದೆ. ಆದರೆ ಬೇವಿನ ಮರವೂ ಅದರ ಜೊತೆ ಹೋಗುತ್ತದೆ, ಅದನ್ನು ರುಬೀನಾ ಮತ್ತೆ ಕಟ್ಟಬೇಕು.

ನನ್ನದೊಂದು ಪದ್ಧತಿ ಇದೆ. ಗಿರಾಕಿಯ ಕಂಪ್ಯೂಟರಿನಲ್ಲಿ ಏನನ್ನೇ ಅಳಿಸುವುದಿದ್ದರೂ ಅವರ ಕಣ್ಣೆದುರೇ ಅಳಿಸುತ್ತೇನೆ. ಒಬ್ಬರಿಗೆ ಕಸ ಎಂದು ಕಂಡದ್ದು ಇನ್ನೊಬ್ಬರಿಗೆ ತೀರಿಹೋದ ತಂದೆಯ ಒಂದೇ ಫೋಟೋ ಆಗಿರುತ್ತದೆ. ರುಬೀನಾಗೆ ಫೋನ್ ಮಾಡಿ, ಮನೆಗೇ ಬಂದು ಮಾಡಿಕೊಡುತ್ತೇನೆ ಎಂದೆ. ಮರುದಿನ ಡಬ್ಬಿಯನ್ನು ಬೈಕಿಗೆ ಕಟ್ಟಿಕೊಂಡು ಗುಡಗೇರಿಗೆ ಹೋದೆ.

ಇಂಥದ್ದೆಲ್ಲ ಅಮಾವಾಸ್ಯೆಯ ರಾತ್ರಿಯೇ ಆಗಬೇಕೆಂದು ಜನ ತಿಳಿದಿರುತ್ತಾರೆ. ನಾನು ಹೋದಾಗ ಉರಿಬಿಸಿಲಿನ ಮಧ್ಯಾಹ್ನ. ಚಾಚಿ ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ನನ್ನನ್ನೂ ಅದೇ ಹೊರಸಿನ ಮೇಲೆ ಕೂಡಿಸಿ ನೀರು ಕೊಟ್ಟರು. ಕುಡಿದು ಎದ್ದು ಪಡಸಾಲೆಗೆ ಹೋದೆ. ಆ ನೀರನ್ನು ಎಲ್ಲಿ ಕೂತು ಕುಡಿದೆ ಎಂಬುದು ನೆನಪಾದರೆ ಇವತ್ತಿಗೂ ಅಂಗಾಲು ಜುಮ್ ಎನ್ನುತ್ತದೆ.

ಕಂಪ್ಯೂಟರ್ ಜೋಡಿಸಿ ಆಟ ತೆರೆದೆ. ರುಬೀನಾ ಪರದೆಯ ಹತ್ತಿರ ಬಗ್ಗಿ ತೂತು ನೋಡಿದಳು. ಹೇಗೆ ಸರಿಮಾಡುತ್ತೇನೆಂದು ವಿವರಿಸಿದಾಗ, ಗಿಡ ಹೋದರೆ ಹೋಗಲಿ, ಮನೆ ಉಳಿದರೆ ಸಾಕು ಎಂದಳು. ಒಂದು ಗುಂಡಿ ಒತ್ತುವುದಷ್ಟೇ ಬಾಕಿ. ನಾನು ಬೆರಳು ಇಟ್ಟಿದ್ದೆ. ಅಷ್ಟರಲ್ಲಿ ಅವಳು ನನ್ನ ಕೈ ತಡೆದು, "ತಡೀರಿ ಅಣ್ಣಾ, ಅಮ್ಮಿಗೆ ಒಮ್ಮೆ ತೋರಸ್ತೀನಿ" ಎಂದು ಹೊರಗೆ ಕೂಗಿದಳು. "ಅಮ್ಮಿ, ಲಗೂನ ಬಾ! ನಿನ್ನ ಹೊರಸು ನುಂಗಿದ ತೂತು ನೋಡು ಬಾ!"

"ತಡಿ, ಇವಿಷ್ಟು ಮುಗಸ್ತೀನಿ" ಎಂದರು ಚಾಚಿ.

"ಆಮ್ಯಾಲ ಕಾಣಂಗಿಲ್ಲ ಬೇ, ಅಣ್ಣಾ ಅಳಸಾಕತ್ತಾರ. ಈಗ ಬಾ!"

ಚಾಚಿ ಗೊಣಗುತ್ತ ಬಂದರು. ಖಾರದ ಕೈಗಳನ್ನು ಮೈಗೆ ತಾಗದಂತೆ ದೂರ ಹಿಡಿದು, ಹೊಸ್ತಿಲು ದಾಟಿ, ಮಗಳ ಭುಜದ ಮೇಲಿಂದ ಪರದೆಯ ಕಡೆ ಬಗ್ಗಿದರು. "ಅಯ್ಯ, ಇದೇನು..." ಎಂದರು. ಆ ಮಾತು ಪೂರ್ತಿಯಾಗಲಿಲ್ಲ. ಹೊರಗೆ ಸದ್ದಾಯಿತು. ದೊಡ್ಡ ಸದ್ದೇನಲ್ಲ, ಲಾರಿಯಿಂದ ಕಾಳಿನ ಚೀಲ ಕೆಳಗೆ ಕೆಡವಿದರೆ ಬರುವಂಥ ಮೆತ್ತನೆಯ ಸದ್ದು. ಆಡುಗಳು ಒಮ್ಮೆಲೇ ಒದರಿದವು.

ಓಡಿ ಬಂದು ನೋಡಿದರೆ ಅಂಗಳದ ತುಂಬ ಧೂಳು. ಧೂಳು ಇಳಿದ ಮೇಲೆ ಹೊರಸು ಕಂಡಿತು. ಅದು ತಲೆಕೆಳಗಾಗಿ, ಅರ್ಧ ನೆಲದೊಳಗೆ ಹೋಗಿ, ಎರಡು ಕಾಲು ಮೇಲೆ ಮಾಡಿ ನಿಂತಿತ್ತು. ಸುತ್ತಲೂ ಕೆಂಪು ಮೆಣಸಿನಕಾಯಿ ಚೆಲ್ಲಿದ್ದವು. ಹೊರಸು ಹೋದ ಆ ಜಾಗ ದುಂಡಗಿತ್ತು.

 ಏನು ಮಾಡುತ್ತಿದ್ದೇನೆಂದು ತಿಳಿಯದೆ ಹೊರಸು ಎಳೆಯಲು ಮುಂದೆ ಹೋದೆ. ಒಳಗೆ ಊಟಕ್ಕೆ ಕೂತಿದ್ದ ದಸ್ತಗೀರ್ ಕಾಕಾ ಎಂಜಲು ಕೈಯಲ್ಲೇ ಓಡಿಬಂದು ನನ್ನ ಅಂಗಿ ಹಿಡಿದು ಜಗ್ಗಿದರು. "ಹಿಂದ ಸರೀರಿ! ಹಗೇವು ಅದು! ಒಳಗಿನ ಗಾಳಿ ಕೆಟ್ಟಿರ್ತದ, ಇಳಿದ್ರ ಹೊಳ್ಳಿ ಬರಂಗಿಲ್ಲ."

ಹಗೇವು ಎಂದರೆ ಜೋಳ ತುಂಬಿಡಲು ಹಿಂದಿನವರು ನೆಲದೊಳಗೆ ತೋಡುತ್ತಿದ್ದ ಕಣಜ. ಹೆಸರು ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಕಾಕಾ ಡಬ್ಬಿಯೊಂದರಲ್ಲಿ ಮೇಣಬತ್ತಿ ಹಚ್ಚಿ ಹಗ್ಗ ಕಟ್ಟಿ ಕೆಳಗೆ ಬಿಟ್ಟರು. ಸ್ವಲ್ಪ ಇಳಿಯುವುದರೊಳಗೆ ಬತ್ತಿ ಆರಿತು. ಆಮೇಲೆ ಕಾಕಾ ಹಿಂದಿನಿಂದ ಹಿಡಿದುಕೊಂಡಿರಲು, ಹೊರಸಿನ ಪಕ್ಕದ ಸಂದಿಯಿಂದ ಬ್ಯಾಟರಿ ಬೆಳಕು ಬಿಟ್ಟು ನೋಡಿದೆ. ಬಾಯಿ ಸಣ್ಣದು, ಕೆಳಗೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ಹಿಂದಿನ ದಿನ ನನ್ನ ಅಂಗಡಿಯಲ್ಲಿ, ಪರದೆಯ ಮೇಲೆ ಅದನ್ನೇ ಇಣುಕಿ ನೋಡಿದ್ದೆ. 

ಚಾಚಿ ಅಳಲಿಲ್ಲ. ಹೊಸ್ತಿಲ ಮೇಲೆ ಕೂತು, "ನಾ ಅಲ್ಲೇ ಇದ್ದೆ, ಈಗರೆ ಅಲ್ಲೇ ಇದ್ದೆ" ಎಂದು ಅದನ್ನೇ ಅನ್ನುತ್ತಿದ್ದರು. ರುಬೀನಾ ಅವರ ಖಾರದ ಕೈಗಳನ್ನು ತನ್ನ ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

ಮನೆಯವರಿಗೆ ಯಾರಿಗೂ ಅಲ್ಲಿ ಹಗೇವು ಇದ್ದದ್ದು ಗೊತ್ತಿರಲಿಲ್ಲ. ಕಾಕಾನ ತಂದೆ ಆ ಮನೆಯನ್ನು ಕಾಳಿನ ವ್ಯಾಪಾರದವರೊಬ್ಬರಿಂದ ಕೊಂಡಿದ್ದರಂತೆ. ಯಾವ ಕಾಲದಲ್ಲೋ ಅದರ ಬಾಯಿಗೆ ಹಲಗೆ ಹಾಕಿ, ಮೇಲೆ ಮಣ್ಣು ಬಡಿದು ಮರೆತುಬಿಟ್ಟಿದ್ದಾರೆ. ಹಲಗೆಗೆ ಗೆದ್ದಲು ಹತ್ತಿತ್ತು. ಮರುವಾರ ಕಲ್ಲು ಮಣ್ಣು ತುಂಬಿಸಿ ಅದನ್ನು ಮುಚ್ಚಿದರು.

ನೆಲ ಕುಸಿದದ್ದಕ್ಕೆ ಕಾರಣ ಸಿಕ್ಕಿತು. ನನಗೆ ಬೇಕಾದ ಕಾರಣ ಸಿಗಲಿಲ್ಲ. ಅಂಗಳ ಸ್ವಲ್ಪ ತಗ್ಗಾಗಿದ್ದನ್ನು ರುಬೀನಾ ಅರಿವಿಲ್ಲದೆ ಗಮನಿಸಿ ತಾನೇ ತೂತು ಮಾಡಿದ್ದಳೆ? ಅವಳು ದುಂಡಗೆ ಹೇಗೆ ಮಾಡಿಯಾಳು? ಗೆಳೆಯರು ಕಾಕತಾಳೀಯ ಎನ್ನುತ್ತಾರೆ. ಇರಬಹುದು. ಅದೇ ಸಂಜೆ ಅವಳ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದಾಗ ತೂತು ಇರಲಿಲ್ಲ. ನಾನು ಗುಂಡಿ ಒತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಬೇವಿನ ಮರವಿತ್ತು, ಅದರ ಕೆಳಗೆ ಹೊರಸೂ ಇತ್ತು. ಅಂಗಡಿಯಲ್ಲಿ ನಾನು ಮಾಡಿಟ್ಟುಕೊಂಡ ಕಾಪಿಯಲ್ಲಿ ಮಾತ್ರ ಆ ದುಂಡು ತೂತು ಇವತ್ತಿಗೂ ಇದೆ. ಒಂದಿಬ್ಬರಿಗೆ ತೋರಿಸಿದೆ. ನೀನೇ ಮಾಡಿರಬೇಕು ಎಂದರು. ಆಮೇಲೆ ತೋರಿಸುವುದನ್ನೂ ಬಿಟ್ಟೆ.

ರುಬೀನಾಳ ಮದುವೆಗೆ ಹೋಗಿದ್ದೆ. ಅದೇ ಅಂಗಳದಲ್ಲಿ ಪೆಂಡಾಲ್ ಹಾಕಿದ್ದರು. ನನ್ನನ್ನು ಊಟಕ್ಕೆ ಕೂಡಿಸಿ ಚಾಚಿ ತಾವೇ ಬಡಿಸಿದರು. ಬಡಿಸುತ್ತ ಬಡಿಸುತ್ತ ನಿಂತು, ಮೆಲ್ಲಗೆ ಕೇಳಿದರು. "ನಿಮಗೊಂದು ಕೇಳ್ಬೇಕಂತ ಮಾಡೇನ್ರಿ. ನೀವು ನಮ್ಮ ಹುಡುಗಿನ್ನ ಕೇಳಲಾರ್ದ, ನಿಮ್ಮ ಅಂಗಡ್ಯಾಗನ ಅದನ್ನ ಸರಿ ಮಾಡಿ ಕಳಿಸಿದ್ದ್ರ ಏನಾಗತಿತ್ರಿ?"

 ಆ ದಿನದವರೆಗೆ ನಾನು ತೂತು ಎಲ್ಲಿಂದ ಬಂತು ಎಂದಷ್ಟೇ ಯೋಚಿಸಿದ್ದೆ. ಸರಿಪಡಿಸುವ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಅಂಗಡಿಯಲ್ಲಿಯೇ ಗುಂಡಿ ಒತ್ತಿಬಿಟ್ಟಿದ್ದರೆ ಆಟದ ಅಂಗಳ ಸಮನಾಗುತ್ತಿತ್ತು, ಮಗಳು ತಾಯಿಯನ್ನು ಕೂಗುತ್ತಿರಲಿಲ್ಲ. ಚಾಚಿ ನನ್ನ ತಾಟಿಗೆ ಇನ್ನೊಂದಿಷ್ಟು ಅನ್ನ ಹಾಕಿ ಮುಂದಿನವರಿಗೆ ಬಡಿಸಲು ಹೋದರು.