ಬೇವಿಗೆ ಬಳಿದ ಕೇಸರಿ

ಆ ಬೇಸಿಗೆ ನಾನು ಅರಣ್ಯ ಇಲಾಖೆಯಲ್ಲಿ ಹಂಗಾಮಿ ಕೆಲಸಗಾರ. ವಳಸಂಗದ ಕಡೆಯ ಒಂದು ರಸ್ತೆ ಅಗಲವಾಗಲಿತ್ತು. ಬದಿಯ ಮರಗಳ ಸುತ್ತಳತೆ ತೆಗೆದು, ಕಡಿಯಬೇಕಾದವಕ್ಕೆ ಬಣ್ಣದ ಪಟ್ಟೆ ಬಳಿಯುವುದು ನನ್ನ ಪಾಲಿಗೆ ಬಂದಿತ್ತು. ಸೋಲಾಪುರದಲ್ಲಿ ನಮ್ಮದು ಬಟ್ಟೆ ಅಂಗಡಿ. ಫ್ಯಾನಿನ ಕೆಳಗೆ ಕೂತು ಚಾದರ ಮಾರುವುದು ಬಿಟ್ಟು ಉರಿಬಿಸಿಲಲ್ಲಿ ಗಿಡ ಅಪ್ಪಿಕೊಂಡು ತಿರುಗುವ ನನ್ನನ್ನು ಕಂಡು ಕಾಕಾ, "ಹುಡುಗಗ ಬಿಸಲು ತಲಿಗೇರೇದ" ಎನ್ನುತ್ತಿದ್ದರು.

ಆ ಹಾದಿಯಲ್ಲೊಂದು ದೊಡ್ಡ ಬೇವಿನ ಮರ. ಕೆಳಗೆ ಒಬ್ಬ ಅಜ್ಜಿ, ಎಲ್ಲರ ಬಾಯಲ್ಲೂ ಆಯಿ, ಚಹಾ ಮಾರುತ್ತಿದ್ದಳು. ಸುತ್ತ ಬೇರೆ ನೆರಳೇ ಇಲ್ಲ; ಮರ ಹೋದರೆ ಅವಳ ಗಿರಾಕಿಗಳೂ ಹೋದಂತೆಯೇ. ದರಿದ್ರದ ಮರ, ಹೊಸ ರಸ್ತೆಯ ಅಂಚಿಗೇ ಬರಬೇಕೇ! ದಿನಾ ಅವಳ ಕೈಯ ಚಹಾ ಕುಡಿದವನು ನಾನು. ಅದೊಂದನ್ನು ಕೊನೆಗೆ ಉಳಿಸಿಕೊಂಡಿದ್ದೆ.

ಅದರ ಸರದಿ ಬಂದಾಗ ಬಿಳಿ ಬಣ್ಣ ತೀರಿತ್ತು. ಹೋಟಗಿಯ ಅಂಗಡಿಯಲ್ಲಿ ಸಿಕ್ಕಿದ್ದು ಕೇಸರಿ ಡಬ್ಬಿ. ಅದನ್ನೇ ತಂದು ಬಳಿದೆ.

"ನನ್ನ ಕೈಯಾಗ ಏನೂ ಇಲ್ಲ ಬೇ ಆಯಿ" ಎಂದೆ. ಅವಳು ಪಟ್ಟೆಯನ್ನೇ ನೋಡುತ್ತ ನಿಂತಳು. ಚಹಾ ಬೇಕಾ ಎಂದೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಗರಗಸದವರನ್ನು ಕರೆದುಕೊಂಡು ಬಂದರೆ, ಅಬಬಬಾ! ಪಟ್ಟೆಯ ಮೇಲೆ ಕುಂಕುಮ, ಎಕ್ಕೆಯೆಲೆ ಮಾಲೆ, ಬುಡದಲ್ಲಿ ಒಡೆದ ಕಾಯಿ. ನಮ್ಮ ಕಡೆ ಕಲ್ಲಿಗೆ ಶೇಂದೂರ, ಅಂದರೆ ಸಿಂಧೂರ, ಹಚ್ಚಿದರೆ ಅದು ಮಾರುತಿ. ಶೇಂದೂರದ ಬಣ್ಣವೂ ಅದೇ ಕೇಸರಿ. ಇಲ್ಲೇ ಹುಟ್ಟಿ ಬೆಳೆದ ನನಗೆ ಅದು ಹೊಳೆಯಲೇ ಇಲ್ಲ ನೋಡಿ!

ಗರಗಸದವರ ಮೇಸ್ತ್ರಿ, ಮುಕಾದಮ, ಚಪ್ಪಲಿ ಬಿಟ್ಟು ಕೈ ಮುಗಿದ. "ಸಾಹೇಬ್ರ, ನಾ ಹೆಂಡ್ರು ಮಕ್ಕಳು ಇದ್ದಾಂವ. ಈ ಗಿಡಕ್ಕ ಕರಗಸ ಹಚ್ಚಂಗಿಲ್ಲ."

"ಯಪ್ಪಾ, ಅದು ಪೇಂಟ್! ನಾನ ಹಚ್ಚೀನಿ!"

"ಯಾರ ಹಚ್ಚಿದ್ರೇನ್ರಿ, ಪೂಜಿ ಆಗಿಬಿಟ್ಟದಲ್ಲ."

ನಮ್ಮ ಅಧಿಕಾರಿ ಜೀಪಿನಲ್ಲಿ ಬಂದರು. ಅಷ್ಟರಲ್ಲಿ ಊರವರೂ ನೆರೆದಿದ್ದರು. ಅಧಿಕಾರಿ ಕಾಯಿ ನೋಡಿದರು, ಜನ ನೋಡಿದರು, ಬೆವರು ಒರೆಸಿಕೊಂಡರು. ರಸ್ತೆಯವರೊಡನೆ ಫೋನಿನಲ್ಲಿ ಮರಾಠಿಯಲ್ಲಿ ಜಗ್ಗಾಡಿ ಕಡೆಗೆ, "ಇರಲಿ ಬಿಡ್ರಿ. ಇಲ್ಲಿ ರಸ್ತೆ ಸ್ವಲ್ಪ ಆ ಕಡಿ ಸರಸ್ತಾರಂತ" ಎಂದರು. ಆಮೇಲೆ ನನ್ನನ್ನು ಕೆಕ್ಕರಿಸಿ ನೋಡಿ, "ಇನ್ನ ಮ್ಯಾಲ ಬಿಳಿದಷ್ಟ ಹಚ್ಚು, ತಿಳೀತಿಲ್ಲ?" ಎಂದು ಗದರಿದರು. ಬೈಯಲಿ, ಎಷ್ಟಾದರೂ ಬೈಯಲಿ! ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು ನನಗೆ.

ಎಲ್ಲರೂ ಹೋದ ಮೇಲೆ ಆಯಿ ಚಹಾಕ್ಕೆ ಇಟ್ಟಳು. ನನಗೆ ತಡೆಯಲಾಗಲಿಲ್ಲ. "ಆಯಿ, ಖರೇನ ಅದು ಶೇಂದೂರ ಅಂತ ತಿಳ್ದಿದ್ದೇನು?"

"ನನಗೇನ ಮೂಗಿಲ್ಲೇನೋ ತಮ್ಮಾ? ಪೇಂಟಿನ ವಾಸನಿ ಹಾದಿ ತನಕ ಹೊಡ್ಯಾಕತ್ತಿತ್ತು," ಎಂದು ಚಹಾದ ಕಪ್ಪು ಕೈಗಿಟ್ಟಳು. "ಹಸಿ ಇತ್ತಲ್ಲ, ಕುಂಕುಮ ಭಾಳ ಚಲೋ ಹತ್ತಿತು. ಕುಡಿ."